ಅಂಚಿನಲ್ಲಿ ಬರೆದವರು

ಶಂಕರಪುರಂನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು, ಪಾದ್ರಿಗಳಾಗುವ ಹುಡುಗರಿಗೆ ಲ್ಯಾಟಿನ್ ಹೇಳಿಕೊಟ್ಟು ನಿವೃತ್ತರಾದವರು. ಒಂದು ಕಣ್ಣು ಆಗಲೇ ಹೋಗಿತ್ತು. ನಾನು ಹೇಳುತ್ತಿರುವ ಸಂಜೆಯ ಮರುದಿನ ಇನ್ನೊಂದಕ್ಕೆ ಆಪರೇಷನ್. ಅದು ಉಳಿಯುತ್ತದೆಂದು ಡಾಕ್ಟರೂ ಮಾತು ಕೊಟ್ಟಿರಲಿಲ್ಲ.

ಅವರಿಗೊಂದು ಹುಚ್ಚು. ಕ್ರೈಸ್ತರ ಮೊದಮೊದಲ ಗುರುಗಳ ಉಪದೇಶಗಳನ್ನು ಸಾವಿರ ವರ್ಷದ ಹಿಂದೆ ಯಾವುದೋ ಮಠದಲ್ಲಿ ತೊಗಲಿನ ಹಾಳೆಗೆ ನಕಲು ಮಾಡಿದ್ದ ಪುಸ್ತಕ. ಅದರ ಚಿತ್ರಗಳು ಈಗ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಉಪದೇಶ ಅವರಿಗೆ ಬೇಕಿರಲಿಲ್ಲ. ಅದನ್ನು ಓದಿದ ಸನ್ಯಾಸಿಯೊಬ್ಬ ಅಂಚಿನಲ್ಲಿ ಗೀಚಿದ್ದಷ್ಟೇ ಬೇಕು. ನಾನು ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ಒಂದೊಂದೇ ಅಕ್ಷರ ಹೇಳುವುದು, ಅವರು ಅರ್ಥ ಬಿಡಿಸುವುದು. ಚಳಿಗೆ ಬೆರಳು ಮಡಚುತ್ತಿಲ್ಲ ಅಂತ ಒಂದು ಕಡೆ. ಈ ಉಪದೇಶ ಉದ್ದವಾಯಿತು ಅಂತ ಇನ್ನೊಂದು ಕಡೆ. ಪಕ್ಕದ ಮನೆಯ ಸುದ್ದಿ ಕೇಳಿದ ಹಾಗೆ ಮೇಷ್ಟ್ರು ನಗುತ್ತಿದ್ದರು.

ಆ ಸಂಜೆ ಪುಟ ಸರಿಸುತ್ತಾ ಗಮನಿಸಿದೆ, ಹಿಗ್ಗಿಸುವ ಅಗತ್ಯವೇ ಬೀಳುತ್ತಿಲ್ಲ. ಸನ್ಯಾಸಿಯ ಅಕ್ಷರ ಪುಟದಿಂದ ಪುಟಕ್ಕೆ ದಪ್ಪವಾಗುತ್ತ, ಸಾಲು ತಪ್ಪಿ ಜಾರುತ್ತ, ಕೊನೆಗೆ ಉಪದೇಶದ ಸಾಲುಗಳ ಮೇಲೆಯೇ ಹತ್ತಿಬಿಟ್ಟಿತ್ತು. ಹೇಳಲೋ ಬೇಡವೋ ಅಂತ ತಡೆದೆ.

"ಅಕ್ಷರ ದೊಡ್ಡದಾಗ್ತಾ ಇದೆ, ಅಲ್ವೇನಪ್ಪಾ?" ಅಂದರು.

ಹೇಗೆ ಗೊತ್ತಾಯಿತೆಂದು ಕೇಳಲಿಲ್ಲ. ಹಾಲಿನವನಿಗೆಂದು ಅವರು ಬರೆದಿಟ್ಟ ಚೀಟಿ ಮೇಜಿನ ಮೇಲೇ ಇತ್ತು. ಅದರಲ್ಲಿ ದಪ್ಪ ಅಕ್ಷರದ ಎರಡೇ ಪದ ಹಿಡಿದಿದ್ದವು.

ಸನ್ಯಾಸಿಯ ಕೊನೆಯ ಬರಹ ಹೇಳಿದೆ. ಹಗಲಲ್ಲೂ ಕತ್ತಲೆ ಎಂದು ಅರ್ಥ ಬಿಡಿಸಿ, ಸಾಕು, ಮುಚ್ಚಿಡು ಅಂದರು. ನಮ್ಮ ಮನೆಯಲ್ಲಿ ಪಾರಾಯಣವನ್ನು ಅಶುಭದ ಮಾತಿಗೆ ನಿಲ್ಲಿಸುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಅಜ್ಜಿ ಒಳ್ಳೆಯ ಘಟ್ಟದವರೆಗೆ ಓದಿಯೇ ಏಳುತ್ತಿದ್ದರು. ಅದನ್ನು ಹೇಳಿ, ಒಂದು ಒಳ್ಳೆ ಮಾತು ಹುಡುಕ್ತೀನಿ ಅಂದೆ. ಸಿಕ್ಕಿದರೆ ತಾನೇ, ಎಂದರು.

ಖಾಲಿ ಅಂಚು. ಮತ್ತೆ ಖಾಲಿ. ಆಮೇಲೆ ಸಣ್ಣಗೆ, ನೆಟ್ಟಗೆ, ಬೇರೆ ಯಾರದೋ ಅಕ್ಷರ. ಒಂದೊಂದೇ ಹೇಳಿ ಮುಗಿಸಿದೆ. ಮೇಷ್ಟ್ರು ಕೈ ಚಾಚಿ ನನ್ನ ಮುಖ ಸವರಿದರು, ಕೂತಿರುವುದು ನಾನೇ ತಾನೇ ಎಂಬಂತೆ.

"'ಇಲ್ಲಿಂದ ಮುಂದೆ ಓದುವವನು ನಾನು. ನನಗೆ ಅರ್ಥ ತಿಳಿಯದು, ಇಲ್ಲಿಯವರೆಗೆ ಓದಿದವರು ಹೇಳುತ್ತಾರೆ.' ಹೀಗಂತ ಬರೆದಿದಾನೆ."

ಕೆಳಗೆ ನಮ್ಮ ಮನೆಯ ಕುಕ್ಕರ್ ಕೂಗಿತು. ಇದು ಒಳ್ಳೆ ಮಾತೇನಾ ಮೇಷ್ಟ್ರೇ, ಅಂದೆ.

"ಇರಬೇಕು ಕಣಪ್ಪಾ. ಮುಂದಿನ ಪುಟ ಮಾತ್ರ ನಾಳೆ ಆಪರೇಷನ್ ಆಗೋವರೆಗೂ ತಿರುಗಿಸಬೇಡ."

ನಾನೂ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.