ಹಂಗಿಲ್ಲದ ಬೆಳಕು

ಹೂವಿನ ದೊಡ್ಡವ್ವನಿಗೆ ಎಡಗಣ್ಣಿನ ಹುಬ್ಬು ಇರಲಿಲ್ಲ. ಪ್ರಾಯದಲ್ಲಿ ಪೆಟ್ರೊಮ್ಯಾಕ್ಸ್ ದೀಪ ಹಚ್ಚುವಾಗ ಭಗ್ಗನೆ ಎದ್ದ ಉರಿಗೆ ಸುಟ್ಟುಹೋದದ್ದು ಮತ್ತೆ ಬೆಳೆಯಲೇ ಇಲ್ಲ. ಯಾರಾದರೂ ದಿಟ್ಟಿಸಿದರೆ, "ಏನ್ ನೋಡ್ತೀ ಬೇ, ಬೆಳಕು ತಿಂದದ ಅದನ್ನ" ಎಂದು ನಕ್ಕುಬಿಡುತ್ತಿದ್ದಳು.

ದೇವದುರ್ಗದವಳು. ರಾಯಚೂರಿನ ಬಜಾರಿನಲ್ಲಿ, ಒಂದು ಬಟ್ಟೆ ಅಂಗಡಿಯ ಮುಂದೆ ರಸ್ತೆಯಂಚಿಗೆ ಹೂವಿನ ಬುಟ್ಟಿ ಇಟ್ಟು ಕೂರುತ್ತಿದ್ದಳು. ಪೆಟ್ರೊಮ್ಯಾಕ್ಸಿನ ಸಹವಾಸ ಸಾಕಾಗಿ, ಅಂಗಡಿಯ ಸಾವಕಾರನಿಂದ ವೈರು ಎಳೆಸಿಕೊಂಡು ಬುಟ್ಟಿಯ ಮೇಲೆ ಹಳದಿ ಬಲ್ಬು ತೂಗುಹಾಕಿದ್ದಳು. ಅದಕ್ಕೆ ಪ್ರತಿಯಾಗಿ ಅಂಗಡಿಯ ಮುಂದೆ ಕಸ ಗುಡಿಸಬೇಕು, ಪೂಜೆಗೆ ದಿನವೂ ಮಾಲೆ ಕೊಡಬೇಕು, ಗಿರಾಕಿಗಳ ಗಾಡಿ ಬಂದರೆ ಎದ್ದು ಸರಿಯಬೇಕು. ಆ ಬಲ್ಬಿನ ಕಾವಿಗೆ ಮೊಗ್ಗುಗಳು ಹೊತ್ತಿಗೆ ಮುಂಚೆಯೇ ಅರಳಿ ಬಾಡುತ್ತಿದ್ದವು. ಹೂವಿಗೆ ನೀರು ಚಿಮುಕಿಸುವಾಗ ಹನಿ ತಾಗಿದರೆ ಬಲ್ಬು ಟಪ್ಪೆಂದು ಒಡೆಯುತ್ತಿತ್ತು.

ನಾನು ಯರಗೇರಾದಲ್ಲಿ ಕೆಲಸ ಮುಗಿಸಿ, ಬಸ್ಸಿಳಿದು ಅದೇ ದಾರಿಯಲ್ಲಿ ಮನೆಗೆ ಬರುತ್ತಿದ್ದೆ. ನನ್ನ ಗಂಡ ತೀರಿಕೊಂಡಿದ್ದ ವರ್ಷ ಅದು. ಒಂದು ಸಂಜೆ ಮಲ್ಲಿಗೆಯ ವಾಸನೆಗೆ ಕಾಲು ತಾನಾಗಿ ನಿಂತಿತು.

"ಬಾರವ್ವ, ಯಾಕ ನಿಂತಿ?"

"ನಾ ಮುಡಿಯಂಗಿಲ್ಲ ದೊಡ್ಡವ್ವ. ನಮ್ಮ ಮನಿಯವರು ಹೋಗ್ಯಾರ."

"ಹೋದಾಂವ ನಿನ್ನ ಮೂಗು ತಗೊಂಡು ಹೋಗ್ಯಾನೇನು?" ಎಂದವಳೇ ನನ್ನನ್ನು ಬಗ್ಗಿಸಿ ಮಲ್ಲಿಗೆ ಮುಡಿಸಿದಳು. "ಹುಟ್ಟಿದಾಗಿಂದ ಮುಡ್ಕೊಂಡಾಕಿ ನೀ. ಹೂವೇನು ಗಂಡ ತಂದಿದ್ದಲ್ಲ."

ಗಾದಿಯ ಮೇಲಿಂದ ಸಾವಕಾರ ಕೂಗಿದ: "ಏ, ದೀಪ ಹಚ್ಚೋ ಹೊತ್ತಿನಾಗ ನನ್ನ ಅಂಗಡಿ ಮುಂದ ಗಂಡ ಸತ್ತಾಕಿಗಿ ಹೂ ಮುಡಸ್ತೀ? ತಗಸು ಅದನ್ನ!"

ನನ್ನ ಕೈ ತಾನಾಗಿ ತಲೆಗೆ ಹೋಯಿತು. ಅವಳು ಮುಂಗೈ ಹಿಡಿದು ಕೆಳಗಿಳಿಸಿದಳು.

"ಹೂ ನಂದು, ತಲಿ ಆಕಿದು. ನಡುವ ನಿಮ್ಮದೇನದ ಸಾವಕಾರ್ರ?"

"ಲೈಟ್ ನಂದದ" ಎಂದು ಅವನು ಸ್ವಿಚ್ಚು ಆರಿಸಿದ.

ಬುಟ್ಟಿಯ ಮೇಲೆ ಕತ್ತಲು ಬಿತ್ತು. ನಾನು ಅಳುವಂತಾಗಿದ್ದೆ. ಅವಳು ಮಾತ್ರ ರಸ್ತೆಗೆಲ್ಲ ಕೇಳುವಂತೆ ಕೂಗತೊಡಗಿದಳು: "ಕತ್ತಲದಾಗೂ ಮಲ್ಲಿಗಿ ವಾಸನಿ ಬರ್ತದ, ಬರ್ರಿ, ಬರ್ರಿ!"

ಮರುದಿನ ಅಂಜುತ್ತಲೇ ಆ ಕಡೆ ಹೋದೆ. ಅವಳ ಛತ್ರಿಯ ಕಡ್ಡಿಗೆ ಬೆಳ್ಳಗಿನ ಬಲ್ಬೊಂದು ಜೋತಾಡುತ್ತಿತ್ತು. ವೈರಿರಲಿಲ್ಲ.

"ಎಲ್‌ಇಡಿ ಬೇ! ಹಗಲು ಮನ್ಯಾಗ ಚಾರ್ಜಿಗಿ ಹಾಕಿದ್ರ ನನ್ನ ಯಾಪಾರ ಮುಗಿಯತನಕ ಉರಿತದ. ಮುಟ್ಟಿ ನೋಡು, ಸುಡಂಗಿಲ್ಲ." ಮುಟ್ಟಿದೆ. ಚೂರು ಬೆಚ್ಚಗಿತ್ತು, ಅಷ್ಟೆ. ಹಳದಿ ಬೆಳಕಿನಲ್ಲಿ ಬಾಡಿದಂತೆ ಕಾಣುತ್ತಿದ್ದ ಮಲ್ಲಿಗೆ ಈಗ ಅಚ್ಚ ಬಿಳುಪಾಗಿತ್ತು. ಗಾಳಿಗೆ ಒಮ್ಮೆ ಕೆಳಗೆ ಬಿದ್ದರೂ ಬಲ್ಬು ಒಡೆಯಲಿಲ್ಲ. ಒರೆಸಿ ಮತ್ತೆ ತೂಗುಹಾಕಿದಳು.

ಸಾವಕಾರ ಜಾಗ ಬಿಡೆಂದ. "ಲೈಟ್ ನಿಮ್ಮದಿತ್ತು, ತಗೊಂಡ್ರಿ. ರೋಡ ನಿಮ್ಮದಲ್ಲ" ಎಂದಳು. ಅಂದಿನಿಂದ ಕಸ ಗುಡಿಸಲಿಲ್ಲ, ಪೂಜೆಗೆ ಮಾಲೆ ಕೊಡಲಿಲ್ಲ. ಕೆಲವೇ ದಿನಗಳಲ್ಲಿ ಪಕ್ಕದ ನಿಂಬೆಹಣ್ಣಿನವಳು, ಸೊಪ್ಪಿನವಳು ಕೂಡ ಅಂಥದೇ ಬಲ್ಬು ತಂದು, ತಾವೂ ಎಳೆಸಿಕೊಂಡಿದ್ದ ಸಾವಕಾರನ ವೈರು ಕಿತ್ತು ವಾಪಸು ಕೊಟ್ಟರು. ಕರೆಂಟು ಹೋದಾಗ ಬಜಾರಿನಲ್ಲಿ ಆ ಹೆಂಗಸರ ಸಾಲೊಂದೇ ಬೆಳಗುತ್ತಿತ್ತು. ನಾನು ದಿನವೂ ಅಲ್ಲಿ, ಆ ಅಂಗಡಿಯ ಕಡೆಗೇ ಮುಖ ಮಾಡಿ ನಿಂತು ಹೂ ಮುಡಿದೆ.

ಹೋದ ವರ್ಷ ಊರಿಗೆ ಹೋದ ದೊಡ್ಡವ್ವ ಜ್ವರದಿಂದ ಮಲಗಿ ಮತ್ತೆ ಏಳಲಿಲ್ಲ. ಸುದ್ದಿ ತಿಳಿದು ದೇವದುರ್ಗದ ಬಸ್ಸು ಹತ್ತಿದೆ. ಅಂಗಳದಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ನನ್ನ ಬರಿಗೊರಳು, ತಲೆಯ ಮಲ್ಲಿಗೆ ಎರಡನ್ನೂ ನೋಡಿದಳು.

"ಸತ್ತ ಮನಿಗಿ ಹೂ ಮುಡ್ಕೊಂಡು ಬರ್ತಾರೇನು ಯವ್ವಾ? ಅದೂ ನಿನ್ನಂಥಾಕಿ?"

"ಬರೇ ತಲಿಲೆ ಬಂದ್ರ ಆಕಿ ಎದ್ದು ಕುಂತು ಬೈತಾಳ್ರೀ" ಎಂದೆ.

ಹೂ ತೆಗೆಯದೆಯೇ ಒಳಗೆ ಹೋಗಿ ಅವಳ ಪಾದ ಮುಟ್ಟಿದೆ.