ಅಕ್ಕನ ಪಾಲಿನ ಎಣ್ಣೆ

ಈಚೆಗೆ ಎಣ್ಣೆಯ ಹೆಸರೆತ್ತಿದರೆ ನನ್ನ ರಕ್ತದೊತ್ತಡ ಏರುತ್ತದೆ. ತಿಂದದ್ದಕ್ಕಲ್ಲ, ಉಪದೇಶ ಕೇಳಿ ಕೇಳಿ. ಬೀದರಿನ ನಮ್ಮ ಮೈಲೂರಿನಲ್ಲಿ ಹೆಂಗಸಿಗೆ ಅರವತ್ತು ದಾಟಿತೆಂದರೆ ಸಾಕು, ಅವಳ ತಟ್ಟೆ ಓಣಿಯವರ ಸ್ವತ್ತಾಗುತ್ತದೆ. ಬಸ್ಸಿನಲ್ಲಿ ಪಕ್ಕ ಕುಳಿತವರೂ "ಎಣ್ಣಿ ಬಿಟ್ಟೀರೇನ್ರಿ?" ಎನ್ನುತ್ತಾರೆ. ನಾನು ನಿವೃತ್ತ ಶಿಕ್ಷಕಿ. ಉಪದೇಶ ಮಾಡಿ ಗೊತ್ತೇ ಹೊರತು ಕೇಳಿ ಅಭ್ಯಾಸವಿಲ್ಲ.

ಸಿಟ್ಟಿಗೆ ಕಾರಣ ಠಾಣಾ ಕುಶನೂರಿನ ನನ್ನ ಅಕ್ಕ. ಹೋದ ವರ್ಷ ಅವಳಿಗೆ ಎದೆ ಬಿಗಿಯಿತು. ಬೀದರಿನ ಡಾಕ್ಟರು ಮಾತ್ರೆ ಕೊಟ್ಟು, ದಿನಾ ನಡೆಯಿರಿ, ಉಪ್ಪಿನಕಾಯಿ ಕಡಿಮೆ ಮಾಡಿ, ಎಣ್ಣೆ ಮಿತವಾಗಿರಲಿ, ಮತ್ತೆ ಎದೆ ಬಿಗಿದರೆ ತಡಮಾಡದೆ ಬನ್ನಿ ಎಂದರು. ಇಷ್ಟರಲ್ಲಿ ಭಾವನ ಕಿವಿಗೆ ಬಿದ್ದದ್ದು ಎಣ್ಣೆಯೊಂದೇ. ಊರಿಗೆ ಹೋದವರೇ ಎಣ್ಣೆ ಡಬ್ಬಿಯನ್ನು ಅಟ್ಟಕ್ಕೇರಿಸಿದರು. ತಮ್ಮ ಊಟಕ್ಕೆ ಮಾತ್ರ ತಾವೇ ಇಳಿಸಿಕೊಳ್ಳುತ್ತಿದ್ದರು.

ನಮ್ಮ ಕಡೆ ಜೋಳದ ರೊಟ್ಟಿಯ ಮಗ್ಗುಲಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿ, ಬೆರಳಿನಿಂದ ಅದರಲ್ಲೊಂದು ಕುಳಿ ಮಾಡಿ, ಕುಸುಬಿ ಎಣ್ಣೆ ಸುರಿಯುತ್ತಾರೆ. ಮೊದಲ ಕುಳಿ ಗಂಡಸರದು, ಆಮೇಲೆ ಮಕ್ಕಳದು. ಬಡಿಸಿದವಳು ಡಬ್ಬಿಯ ಬಾಯಿಗೆ ಅಂಟಿದ್ದನ್ನು ಒರೆಸಿಕೊಳ್ಳಬೇಕು. ಬರದ ವರ್ಷಗಳಲ್ಲಂತೂ ಭಾಲ್ಕಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ದುಡಿಯಲು ಹೊರಟವರ ಬುತ್ತಿಗೇ ಮನೆಯ ಎಣ್ಣೆಯೆಲ್ಲ ಹೋಗುತ್ತಿತ್ತು. ಹಿಂದುಳಿದ ಹೆಂಗಸರು ಖಾರದಪುಡಿಗೆ ನೀರು ಚಿಮುಕಿಸಿ ರೊಟ್ಟಿ ತಿಂದರು. ಅಕ್ಕ ಆಗ ಹೊಸ ಸೊಸೆ. ಈಗಿನವರು ಹೇಳುವ ಎಣ್ಣೆ ಇಲ್ಲದ ಪಥ್ಯವನ್ನು ಅವಳು ಆಗಲೇ ಮಾಡಿ ಮುಗಿಸಿದ್ದಾಳೆ. ಆಗ ಅವಳ ಹೃದಯದ ಚಿಂತೆ ಒಬ್ಬರಿಗಾದರೂ ಇತ್ತೇ?

ಕಳೆದ ತಿಂಗಳು ನಾನು ಹೋದಾಗ ಅಕ್ಕ ರೊಟ್ಟಿ ಬಡಿಯುತ್ತಿದ್ದವಳು ಗೋಡೆಗೆ ಒರಗಿಕೊಂಡಳು. ಹಣೆಯೆಲ್ಲ ಬೆವರು.

"ನಿನ್ನಿಯಿಂದ ಎದಿ ಹಿಡದದ," ಎಂದಳು.

"ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳ್ಲಿ? ಮೊನ್ನಿ ಕದ್ದು ಒಂದು ಚಮಚ ಎಣ್ಣಿ ತಿಂದಿದ್ದೆ. ಬೈತಾರ ಅಂತ ಸುಮ್ನಿದ್ದೆ."

ನನಗೆ ಮೈಯೆಲ್ಲ ಉರಿಯಿತು. ಒಂದು ಚಮಚ ಎಣ್ಣೆಯ ನಾಚಿಕೆಗೆ ಜೀವ ಕೊಡಲು ಕುಳಿತಿದ್ದಾಳೆ! ಜೀಪು ಹಿಡಿದು ನಾನೂ ಭಾವನೂ ಅವಳನ್ನು ಬೀದರಿಗೆ ಕರೆತಂದೆವು. ಡಾಕ್ಟರು ಉಳಿಸಿಕೊಟ್ಟರು. ಆ ಚಮಚದಿಂದ ಆದದ್ದಲ್ಲ, ಸುಮ್ಮನಿದ್ದದ್ದೇ ಅಪಾಯ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ಭಾವನನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದರು.

ಈಗ ಇಬ್ಬರೂ ನಮ್ಮ ಮನೆಯಲ್ಲಿದ್ದಾರೆ. ನಿನ್ನೆ ಊಟದಲ್ಲಿ ಮೊದಲು ಅಕ್ಕನಿಗೇ ಬಡಿಸಿ, ಅವಳ ಹಿಂಡಿಯ ಕುಳಿಗೆ ಒಂದು ಚಮಚ ಎಣ್ಣೆ ಹಾಕಿದೆ. ಅವಳು ರೂಢಿಯಂತೆ ತಟ್ಟೆಯನ್ನು ಗಂಡನ ಕಡೆ ಸರಿಸಿದಳು. ಭಾವ ಅದನ್ನು ಹಿಂದಕ್ಕೆ ತಳ್ಳಿದರು.

"ನೀ ತಿನ್ನು. ಎದಿ ಹಿಡದ್ರ ನನಗ ಹೇಳು. ಬೈಯಂಗಿಲ್ಲ."

ಇಷ್ಟು ಹೇಳಲು ಇಷ್ಟು ವರ್ಷ ಬೇಕಿತ್ತೇ ಎಂದು ನನಗೆ ಮತ್ತೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅವರ ಕುಳಿಗೂ ಒಂದೇ ಚಮಚ ಹಾಕಿ, ಡಬ್ಬಿಯ ಮುಚ್ಚಳ ಬಿಗಿದೆ.