ಎಲ್ಲ ಗೆರೆಗಳೂ ಪಕ್ಕದ ಅಂಗಡಿಗೆ

ಮೊನ್ನೆ ಮೂಡುಬಿದಿರೆಯ ಬಸ್ಸಿಗೆ ಕಾಯುತ್ತಿದ್ದಾಗ ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನಿನ ವಾಸನೆ ಮೂಗಿಗೆ ಬಡಿಯಿತು. ವಾಮದಪದವಿನಲ್ಲಿ ನನ್ನ ಅಂಗಡಿಯ ಗೋಡೆಗೆ ತಾಗಿಕೊಂಡೇ ಪಂಚರ್ ಹಾಕುತ್ತಿದ್ದವನು ಕಣ್ಣ ಮುಂದೆ ಬಂದ...

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಪಂಪಿನ ಮೋಟಾರು ವೈಂಡಿಂಗ್ ಕಲಿತವ. ನಾನು ಸುತ್ತಿದ ತಂತಿ ಸುಟ್ಟಿತೆಂದು ಯಾರೂ ತಿರುಗಿ ಬಂದದ್ದಿಲ್ಲ. ಅವನ ತೇಪೆಯೋ, ಗಾಡಿ ಮಾಣಿ ಪೇಟೆ ತಲುಪುವುದರೊಳಗೆ ಬಿಡುತ್ತಿತ್ತು. ಆದರೂ ಜನ ಕೂರುತ್ತಿದ್ದದ್ದು ಅವನ ಬೆಂಚಿನಲ್ಲೇ. ಹೆಣ್ಣು ಹುಡುಕುವವರು, ತೆಂಗಿನಮರ ಹತ್ತುವ ಆಳು ಬೇಕಾದವರು... ನನಗೆ ಹೊಟ್ಟೆ ಉರಿಯುತ್ತಿತ್ತು.

ಒಮ್ಮೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವ ಮೇಡಂ ಒಬ್ಬರು ಬಂದು ಅಂಗಡಿಯವರಿಗೂ ಅಲ್ಲಿಗೆ ಬರುವವರಿಗೂ ಒಂದೇ ಪ್ರಶ್ನೆ ಕೇಳಿದರು: "ಏನಾದರೂ ಬೇಕಾದರೆ ಮೊದಲು ಯಾರ ಹತ್ತಿರ ಹೋಗ್ತೀರಿ?"

"ಯಾರ ಹತ್ತಿರವೂ ಇಲ್ಲ. ನನ್ನ ಕೈ ಉಂಟಲ್ಲ," ಎಂದೆ ನಾನು.

ಕೆಲವು ವಾರ ಕಳೆದು, ದೊಡ್ಡದೊಂದು ಹಾಳೆಯನ್ನು ಅವನ ಬೆಂಚಿನ ಮೇಲೆ ಹರಡಿದರು. ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ. ಯಾರು ಯಾರ ಹೆಸರು ಹೇಳಿದರೋ ಅಲ್ಲಿಗೊಂದು ಗೆರೆ. ಗೆರೆಗಳೆಲ್ಲ ಅವನ ಚುಕ್ಕೆಗೇ ನುಗ್ಗಿದ್ದವು. ನನ್ನದು ಮೂಲೆಯಲ್ಲಿ. ಅದಕ್ಕೆ ಒಂದೇ ಗೆರೆ, ಅದೂ ಅವನಿಂದ ಬಂದದ್ದು.

"ಏನು ಮಾರಾಯ, ಚುಕ್ಕೆಗೂ ಬೇಲಿ ಹಾಕಿದ್ದೀಯಾ?" ಎಂದು ಅವನು ನಕ್ಕ.

"ನನಗೆ ಕೆಲಸ ಉಂಟು. ನಿನ್ನ ಹಾಗೆ ಕೂತು ಪಟ್ಟಾಂಗ ಹೊಡೆಯಲು ಪುರುಸೊತ್ತಿಲ್ಲ."

ಮೇಡಂ ಅವನ ಚುಕ್ಕೆಯನ್ನು ಬೆರಳಿನಿಂದ ಮುಚ್ಚಿದರು. "ಇವರು ಇಲ್ಲದಿದ್ದರೆ ಬೆಳ್ತಂಗಡಿ ಕಡೆಯವರಿಗೂ ಬಂಟ್ವಾಳ ಕಡೆಯವರಿಗೂ ಒಬ್ಬರನ್ನೊಬ್ಬರು ಮುಟ್ಟುವ ದಾರಿಯೇ ಇಲ್ಲ, ನೋಡಿ. ಯಾರು ದೊಡ್ಡವರು ಎಂದಲ್ಲ, ಯಾರ ನಡುವೆ ಯಾರು ನಿಂತಿದ್ದಾರೆ ಎಂದು ನಾವು ನೋಡ್ತೇವೆ."

ನಾನು ನೋಡಿದ್ದು ಬೇರೆ. ಗುರುವಾಯನಕೆರೆಯಿಂದ ಮೋಟಾರು ತರುವವರು ಹೇಳಿದ್ದೂ ಅವನ ಹೆಸರನ್ನೇ. ಅವನು ಅವರನ್ನು ನನ್ನ ಬಾಗಿಲಿಗೆ ಕಳಿಸುತ್ತಿದ್ದ. ನನ್ನ ಕೈಗುಣ ಕೇಳಿ ಬರುತ್ತಾರೆಂದು ಅಷ್ಟು ವರ್ಷ ನಂಬಿದ್ದೆ...

ಹೋದ ಮಳೆಗಾಲದಲ್ಲಿ ಅವನು ತೀರಿಕೊಂಡ. ಅಂಗಳ ತುಂಬಿದ ಜನ ನೋಡಿ, ನಾನು ಸತ್ತರೆ ಇಷ್ಟು ಮಂದಿ ಬಂದಾರೇ ಎಂದು ಅಲ್ಲಿಯೂ ಯೋಚಿಸಿದೆ.

ನಿನ್ನೆ ಒಬ್ಬ ಹುಡುಗ ಬೈಕಿನಲ್ಲಿ ಬಂದ. ಆಸ್ಪತ್ರೆಯಲ್ಲಿದ್ದ ತಾಯಿಗೆ ರಕ್ತ ಬೇಕಿತ್ತು. ಪಕ್ಕದ ಅಂಗಡಿಯ ಬೀಗ ನೋಡಿ ನನ್ನತ್ತ ತಿರುಗಿದ.

"ಅಣ್ಣಾ, ಈಗ ಇಲ್ಲಿ ಯಾರನ್ನು ಕೇಳುವುದು?"

"ನನ್ನದು ಆಗ್ತದಾ ನೋಡುವ," ಎಂದೆ. ರಕ್ತದ ಗುಂಪು ಬೇರೆ. ಇನ್ನೊಂದು ಹೆಸರು ನನ್ನ ಬಾಯಿಗೆ ಬರಲಿಲ್ಲ. ಹುಡುಗ ಬೈಕು ತಿರುಗಿಸಿಕೊಂಡು ಹೋದ.

ಆಗಲೂ ನನಗೆ ಬಂದದ್ದು ಹೊಟ್ಟೆಕಿಚ್ಚೇ. ಪಕ್ಕದವನಾಗಿದ್ದರೆ ಕೈಯ ಟಯರು ಕೆಳಗಿಡದೆ, ಕೂತಲ್ಲಿಂದಲೇ ಒಂದು ಹೆಸರು ಹೇಳುತ್ತಿದ್ದ.